ಜಲಜನಕಕ್ಕೆ ಯಾವ ಊರಿನ ಕರೆಂಟು?

ಉಡುಪಿ ಜಿಲ್ಲೆಯ ಬೆಳ್ಮಣ್ ಪೇಟೆಯಲ್ಲಿ ಪಡುಬಿದ್ರಿಯ ಬಸ್ಸು ಹತ್ತಿದರೆ ಕಡಲು ಸಿಗುವ ಮೊದಲು ನಂದಿಕೂರು ಸಿಗುತ್ತದೆ. ಅದರ ಪಕ್ಕದ ಎಲ್ಲೂರಿನಲ್ಲಿ ತಲಾ 600 ಮೆಗಾವಾಟ್‌ನ ಎರಡು ಘಟಕಗಳಿರುವ ಉಷ್ಣವಿದ್ಯುತ್ ಸ್ಥಾವರವಿದೆ. ಹೊರದೇಶದ ಕಲ್ಲಿದ್ದಲು ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಇಲ್ಲಿಗೆ ಬರುತ್ತದೆ. ನಂದಿಕೂರಿನ ಹೆಸರು ನಾಡಿಗೆಲ್ಲ ಗೊತ್ತಾದದ್ದು 1990ರ ದಶಕದಲ್ಲಿ, ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಇಲ್ಲಿ 1000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಟಾಗ. ವರ್ಷಗಟ್ಟಲೆ ಪ್ರತಿಭಟನೆ ನಡೆಯಿತು, ಮೊಕದ್ದಮೆ ನಡೆಯಿತು, 1999ರ ಡಿಸೆಂಬರಿನಲ್ಲಿ ಕಂಪನಿ ಕೈಬಿಟ್ಟು ಹೋಯಿತು. ಆದರೆ ಹತ್ತೇ ವರ್ಷದಲ್ಲಿ ಬೇರೆ ಕಂಪನಿಯ ಹೆಸರಿನಲ್ಲಿ ಕಲ್ಲಿದ್ದಲು ಬಂದೇ ಬಂತು. ಬಾವಿಗೆ ಉಪ್ಪು ಬಂತು, ಮಲ್ಲಿಗೆಗೆ ಬೂದಿ ಬಿತ್ತು ಎಂಬ ದೂರುಗಳು ಎದ್ದವು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿಯ ಪರಿಸರ ಪರಿಹಾರ ವಿಧಿಸಿತು.

ಜಲಜನಕದ ಮಾತನ್ನು ಈ ಚಿಮಣಿಯ ಬುಡದಿಂದ ಎತ್ತಿಕೊಳ್ಳಲು ಒಂದು ಲೆಕ್ಕ ಕಾರಣ. ನೀರಿಗೆ ವಿದ್ಯುತ್ ಹಾಯಿಸಿ ಒಂದು ಕಿಲೋ ಜಲಜನಕ ಪಡೆಯಲು ಇಂದಿನ ಯಂತ್ರಗಳಿಗೆ 50ರಿಂದ 55 ಯೂನಿಟ್ ಬೇಕು. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಸರಿಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಇಂಥ ಸ್ಥಾವರದ ಕರೆಂಟಿನಿಂದ ಮಾಡಿದ ಒಂದು ಕಿಲೋ ಜಲಜನಕದ ಹಿಂದೆ ಐವತ್ತು ಕಿಲೋ ಹೊಗೆ ಇರುತ್ತದೆ. ಈಗ ಕಾರ್ಖಾನೆಗಳು ನೈಸರ್ಗಿಕ ಅನಿಲದಿಂದ ತೆಗೆಯುವ ಜಲಜನಕಕ್ಕೆ ಬೀಳುವ ಹೊಗೆ ಕಿಲೋಗೆ ಹತ್ತರ ಆಸುಪಾಸು. ಶುದ್ಧ ಇಂಧನ ಮಾಡುತ್ತೇವೆಂದು ಹೊರಟವರು ಪ್ಲಗ್ ಚುಚ್ಚುವ ಜಾಗ ತಪ್ಪಿದರೆ ಐದು ಪಟ್ಟು ಕೊಳಕು ಮಾಡಿದಂತಾಗುತ್ತದೆ. ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಪ್ರಕಟಿಸಿದ ಮಾನದಂಡ ಈ ವಿಷಯದಲ್ಲಿ ಖಡಕ್ಕಾಗಿದೆ. ಒಂದು ಕಿಲೋ ಜಲಜನಕಕ್ಕೆ ಎರಡು ಕಿಲೋಗಿಂತ ಹೆಚ್ಚು ಹೊಗೆಯಾದರೆ ಅದನ್ನು ‘ಹಸಿರು’ ಎನ್ನುವಂತಿಲ್ಲ.

ಹಳೆಯ ಪಠ್ಯಪುಸ್ತಕಗಳು ಈ ಅನಿಲವನ್ನು ಜಲಜನಕ ಎಂದವು. 1783ರಲ್ಲಿ ಫ್ರಾನ್ಸಿನ ಲವಾಸಿಯೆ ಕೊಟ್ಟ ಹೆಸರಿನ ಅರ್ಥವೂ ನೀರನ್ನು ಹುಟ್ಟಿಸುವುದು ಎಂದೇ. ಕೋವಿಡ್ ಕಾಲದಲ್ಲಿ ಆಮ್ಲಜನಕ ಎಂಬ ಪದ ಮನೆಮನೆಯ ಮಾತಾಯಿತು. ಅದರ ಜೊತೆಗಾರ ಮಾತ್ರ ಪತ್ರಿಕೆಗಳಲ್ಲಿ ಹೈಡ್ರೋಜನ್ ಆಗಿಯೇ ಉಳಿದಿದೆ. ಉರಿದರೆ ನೀರನ್ನಷ್ಟೇ ಬಿಡುವ ಈ ಅನಿಲದ ಸ್ವಭಾವವನ್ನು ಹಳೆಯ ಕನ್ನಡ ಪದವೇ ಚೆನ್ನಾಗಿ ಹೇಳುತ್ತದೆ.

ಭೂಮಿಯ ಮೇಲೆ ಅದು ಬಿಡಿಯಾಗಿ ಸಿಗುವುದು ಅಪರೂಪ. ನೀರಿನಿಂದಲೋ ಅನಿಲದಿಂದಲೋ ಕಿತ್ತು ತೆಗೆಯಬೇಕು, ಕೀಳಲು ಶಕ್ತಿ ತೆರಬೇಕು. ಆದ್ದರಿಂದ ಜಲಜನಕ ಕಲ್ಲಿದ್ದಲಿನ ಹಾಗೆ ಅಗೆದು ತರುವ ಶಕ್ತಿಯ ಮೂಲವಾಗುವುದಿಲ್ಲ. ಬೇರೆಡೆಯ ಶಕ್ತಿಯನ್ನು ತುಂಬಿಸಿಕೊಂಡು ಸಾಗುವ ಹಂಡೆ ಅದು. ‘ನೀರಿನಿಂದ ಓಡುವ ಕಾರು’ ಎಂದು ಮೊಬೈಲಿನಲ್ಲಿ ಆಗಾಗ ಹರಿದಾಡುವ ವೀಡಿಯೊಗಳು ಮುಚ್ಚಿಡುವುದು ಈ ಒಂದು ಸಂಗತಿಯನ್ನು.

ಕರಾವಳಿಯವರು ಜಲಜನಕವನ್ನು ನಾಳೆಯ ಸರಕೆಂದು ಭಾವಿಸುವುದುಂಟು. ಅದು ಮಂಗಳೂರಿನ ಪಣಂಬೂರಿಗೆ ಬಂದು ಅರ್ಧ ಶತಮಾನವಾಯಿತು. ಮಂಗಳೂರು ಕೆಮಿಕಲ್ಸ್ ಆಂಡ್ ಫರ್ಟಿಲೈಸರ್ಸ್, ಅಂದರೆ ಊರಿನವರ ಬಾಯಲ್ಲಿ ಎಂಸಿಎಫ್, 1970ರ ದಶಕದಿಂದ ಯೂರಿಯಾ ಮಾಡುತ್ತಿದೆ. ಯೂರಿಯಾಕ್ಕೆ ಅಮೋನಿಯ ಬೇಕು. ಗಾಳಿಯ ಸಾರಜನಕಕ್ಕೆ ಜಲಜನಕ ಕೂಡಿಸಿದರೆ ಅಮೋನಿಯ. ದಶಕಗಳ ಕಾಲ ಆ ಜಲಜನಕ ಬರುತ್ತಿದ್ದುದು ನ್ಯಾಫ್ತಾದಿಂದ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರಿನ ಗೈಲ್ ಕೊಳವೆ ಬಂದ ಮೇಲೆ, 2020ರ ಕೊನೆಯ ಹೊತ್ತಿಗೆ, ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಸ್ವಲ್ಪ ದೂರದಲ್ಲಿ ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲ ಎಂಆರ್‌ಪಿಎಲ್ ಇದೆ. ತೈಲದಲ್ಲಿರುವ ಗಂಧಕವನ್ನು ತೆಗೆಯಲು ಅಲ್ಲಿಯೂ ಜಲಜನಕವೇ ಬೇಕು. 2020ರ ಏಪ್ರಿಲಿನಲ್ಲಿ ವಾಹನಗಳ ಹೊಗೆಗೆ ಬಿಎಸ್-6 ನಿಯಮ ಬಂದ ಮೇಲಂತೂ ಗಂಧಕ ಹೆಚ್ಚು ಉಳಿಸುವಂತೆಯೇ ಇಲ್ಲ. ಬೆಳ್ಮಣ್ಣಿನಲ್ಲಿ ನಿಲ್ಲುವ ಬಸ್ಸಿನ ಡೀಸೆಲನ್ನೂ ಗದ್ದೆಗೆ ಎರಚುವ ‘ಮಂಗಳ’ ಯೂರಿಯಾವನ್ನೂ ಜಲಜನಕ ಮುಟ್ಟಿಯೇ ಬಂದಿದೆ. ಇದೆಲ್ಲವೂ ಹೊಗೆ ಬಿಡುವ, ‘ಬೂದು’ ಎಂದು ಕರೆಸಿಕೊಳ್ಳುವ ಜಲಜನಕ.

ಜಗತ್ತಿನ ಚಿತ್ರವೂ ಇದೇ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಹತ್ತು ಕೋಟಿ ಟನ್ ಜಲಜನಕ ತಯಾರಾಗುತ್ತದೆ, ಹೊಗೆ ಕಡಿಮೆ ಮಾಡಿ ತಯಾರಿಸಿದ್ದು ಅದರಲ್ಲಿ ನೂರಕ್ಕೆ ಒಂದಂಶವೂ ಇಲ್ಲ. ಹಾಗಿದ್ದ ಮೇಲೆ ಹೊಸ ಉಪಯೋಗ ಹುಡುಕುವುದು ಆಮೇಲಿನ ಮಾತು. ಈಗಾಗಲೇ ಬಳಸುತ್ತಿರುವ ಬೂದು ಜಲಜನಕದ ಜಾಗಕ್ಕೆ ಹಸಿರನ್ನು ತರುವುದೇ ಮೊದಲ ಕೆಲಸವಾಗಬೇಕು. ಕರ್ನಾಟಕದ ಕರಾವಳಿಯ ಮಟ್ಟಿಗೆ ಆ ಕೆಲಸದ ವಿಳಾಸ ಪಣಂಬೂರು.

ಅಲ್ಲಿಯೂ ಒಂದು ತೊಡಕಿದೆ, ಘೋಷಣೆಗಳಲ್ಲಿ ಅದು ಕಾಣುವುದಿಲ್ಲ. ಯೂರಿಯಾಕ್ಕೆ ಅಮೋನಿಯದಷ್ಟೇ ಇಂಗಾಲದ ಡೈಆಕ್ಸೈಡ್ ಕೂಡ ಬೇಕು. ನೈಸರ್ಗಿಕ ಅನಿಲದಿಂದ ಜಲಜನಕ ತೆಗೆಯುವಾಗ ಆ ಡೈಆಕ್ಸೈಡ್ ತಾನಾಗಿ ಸಿಗುತ್ತದೆ, ಕಾರ್ಖಾನೆ ಅದನ್ನೇ ಯೂರಿಯಾಕ್ಕೆ ಹಾಕುತ್ತದೆ. ಸೂರ್ಯನ ಕರೆಂಟಿನಿಂದ ಜಲಜನಕ ಮಾಡಿದರೆ ಡೈಆಕ್ಸೈಡನ್ನು ಬೇರೆಡೆಯಿಂದ ತರಬೇಕು. ಡಿಎಪಿಯಂಥ ರಂಜಕದ ಗೊಬ್ಬರಗಳಿಗೆ ಈ ತಾಪತ್ರಯವಿಲ್ಲ, ಹೊರಗಿನಿಂದ ತಂದ ಅಮೋನಿಯವನ್ನೇ ಅವು ತೆಗೆದುಕೊಳ್ಳುತ್ತವೆ. ಹಸಿರು ಅಮೋನಿಯಕ್ಕೆ ದೇಶದಲ್ಲಿ ಮೊದಲ ಬಾಗಿಲು ತೆರೆದದ್ದು ಅಲ್ಲಿಯೇ.

ಆ ಬಾಗಿಲಿನ ಕಥೆ ಹೀಗಿದೆ. 2023ರ ಜನವರಿ 4ರಂದು ಕೇಂದ್ರ ಸಂಪುಟ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೊತ್ತ 19,744 ಕೋಟಿ ರೂಪಾಯಿ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಜಲಜನಕ, ಅದಕ್ಕಾಗಿ ಸುಮಾರು 125 ಗಿಗಾವಾಟ್ ಹೊಸ ಸೌರ ಮತ್ತು ಪವನ ವಿದ್ಯುತ್ ಎಂಬುದು ಗುರಿ. ಸಬ್ಸಿಡಿಗೆ ಕಂಪನಿಗಳನ್ನು ಆರಿಸಿ ಹಂಚಿಕೆಯಾದ ಸಾಮರ್ಥ್ಯ 8.62 ಲಕ್ಷ ಟನ್ ಮುಟ್ಟಿತು. ಹಂಚಿಕೆ ಎಂದರೆ ಕಾಗದದ ಮೇಲಿನದು, ಕಟ್ಟಿ ನಡೆಯುತ್ತಿರುವುದು ಅದರಲ್ಲಿ ಸಣ್ಣ ಪಾಲು. ಈ ವೇಗದಲ್ಲಿ 2030ರ ಗುರಿ ಕೈಗೆಟುಕದು. ಬೆಲೆಯ ಸುದ್ದಿ ಮಾತ್ರ ನಿಜಕ್ಕೂ ಗಮನಾರ್ಹ. 2025ರಲ್ಲಿ ಭಾರತೀಯ ಸೌರಶಕ್ತಿ ನಿಗಮ 13 ಗೊಬ್ಬರ ಕಾರ್ಖಾನೆಗಳಿಗಾಗಿ ವರ್ಷಕ್ಕೆ 7.24 ಲಕ್ಷ ಟನ್ ಹಸಿರು ಅಮೋನಿಯದ ಹರಾಜು ನಡೆಸಿತು. ಆ ಪಟ್ಟಿಯಲ್ಲಿ ಮಂಗಳೂರಿನ ಎಂಸಿಎಫ್ ಕೂಡ ಇತ್ತು. ಹಿಂದಿನ ವರ್ಷ ಯುರೋಪಿನ ಹರಾಜಿನಲ್ಲಿ ಕಿಲೋಗೆ ನೂರು ರೂಪಾಯಿಯ ಹತ್ತಿರವಿದ್ದ ಹಸಿರು ಅಮೋನಿಯ ಇಲ್ಲಿ 50ರಿಂದ 65 ರೂಪಾಯಿಯೊಳಗೆ ಇಳಿಯಿತು. ಮಾಮೂಲಿ ಅಮೋನಿಯಕ್ಕಿಂತ ಅದಿನ್ನೂ ದುಬಾರಿಯೇ, ಆದರೆ ಸರ್ಕಾರದ ಸಹಾಯಧನದಿಂದ ದಾಟಬಹುದಾದಷ್ಟು ಅಂತರ.

ಬರಿಯ ಜಲಜನಕದ ದರ ಅಷ್ಟು ಸಲೀಸಾಗಿ ಇಳಿದಿಲ್ಲ. ಇಂಡಿಯನ್ ಆಯಿಲ್‌ನ ಪಾಣಿಪತ್ ರಿಫೈನರಿಗೆ ವರ್ಷಕ್ಕೆ 10,000 ಟನ್ ಒದಗಿಸುವ ಗುತ್ತಿಗೆ 2025ರಲ್ಲಿ ಕಿಲೋಗೆ 397 ರೂಪಾಯಿಗೆ ನಿಂತಿತು. ಅನಿಲದಿಂದ ತೆಗೆದದ್ದಕ್ಕೆ ಇದರ ಅರ್ಧದಷ್ಟು ಸಾಕು. ಹಗಲಿಗೆ ಮಾತ್ರ ಸಿಗುವ ಸೌರ ವಿದ್ಯುತ್ ಯೂನಿಟ್‌ಗೆ ಎರಡೂವರೆ ರೂಪಾಯಿಗೆ ಸಿಕ್ಕರೂ, ರಾತ್ರಿಗೆ ಗಾಳಿ, ಬ್ಯಾಟರಿ ಸೇರಿಸಿ ಇಡೀ ದಿನ ಯಂತ್ರ ನಡೆಸಲು ನಾಲ್ಕರ ಸುತ್ತ ಬೀಳುತ್ತದೆ. ನಾಲ್ಕನ್ನು 55ರಿಂದ ಗುಣಿಸಿದರೆ ಕರೆಂಟಿನ ಬಿಲ್ಲೇ 220 ರೂಪಾಯಿ. ನೀರನ್ನು ಒಡೆಯುವ ಎಲೆಕ್ಟ್ರೊಲೈಸರ್ ಯಂತ್ರವನ್ನು ಪುಕ್ಕಟೆ ಕೊಟ್ಟರೂ ಈ ಮೊತ್ತ ಹೋಗುವುದಿಲ್ಲ.

ಕರ್ನಾಟಕದಲ್ಲಿ ಹಸಿರು ಜಲಜನಕ ನಿಜವಾಗಿ ಹರಿಯುತ್ತಿರುವ ಜಾಗ ನೋಡಬೇಕಾದರೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿಗೆ ಹೋಗಬೇಕು. ಅಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ಜೆಎಸ್‌ಡಬ್ಲ್ಯು ಎನರ್ಜಿ ವರ್ಷಕ್ಕೆ 3,800 ಟನ್ ತಯಾರಿಸುವ ಘಟಕವನ್ನು ನಡೆಸಲು ಶುರು ಮಾಡಿರುವುದಾಗಿ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಅದಿರಿನಿಂದ ಆಮ್ಲಜನಕವನ್ನು ಬಿಡಿಸಿ ಕಬ್ಬಿಣ ಮಾಡುವ ಕೆಲಸವನ್ನು ಸಾವಿರಾರು ವರ್ಷಗಳಿಂದ ಇದ್ದಲು ಮಾಡುತ್ತ ಬಂದಿದೆ. ಅದೇ ಕೆಲಸವನ್ನು ಜಲಜನಕ ಮಾಡಿದರೆ ಹೊಗೆಯ ಬದಲು ನೀರಾವಿ ಏಳುತ್ತದೆ. ಪೂರ್ತಿ ಜಲಜನಕದಿಂದಲೇ ಒಂದು ಟನ್ ಉಕ್ಕಿಗೆ ಸುಮಾರು 55 ಕಿಲೋ ಬೇಕು. ಆ ಲೆಕ್ಕದಲ್ಲಿ 3,800 ಟನ್‌ಗೆ ಆಗುವ ಉಕ್ಕು 70 ಸಾವಿರ ಟನ್. ತೋರಣಗಲ್ಲಿನ ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ ಕೋಟಿ ಟನ್ನನ್ನು ದಾಟಿದೆ. ಮೊದಲ ಹೆಜ್ಜೆ ಚಿಕ್ಕದಾದರೂ ಇಟ್ಟ ದಿಕ್ಕು ಸರಿ. ಯುರೋಪ್ ಒಕ್ಕೂಟ 2026ರ ಜನವರಿಯಿಂದ ಹೊರಗಿನ ಉಕ್ಕು, ಗೊಬ್ಬರಗಳ ಹಿಂದಿರುವ ಹೊಗೆಯ ಮೇಲೂ ಸುಂಕದ ಹೊರೆ ಹಾಕತೊಡಗಿದೆ. ಬಳ್ಳಾರಿಯ ಕಂಪನಿಯ ಲೆಕ್ಕಪುಸ್ತಕಕ್ಕೆ ಈಗ ಹೊಗೆಯೂ ಒಂದು ಖರ್ಚು.

ರಾಜ್ಯದಲ್ಲಿ ಬೇರೆ ಬೀಜಗಳೂ ಬಿದ್ದಿವೆ. ಎಲೆಕ್ಟ್ರೊಲೈಸರ್ ತಯಾರಿಸುವ ಓಮಿಯಂ ಕಂಪನಿ 2021ರಲ್ಲಿ ಬೆಂಗಳೂರಿನ ಬಳಿ ಕಾರ್ಖಾನೆ ತೆರೆಯಿತು. ಈ ಯಂತ್ರಗಳ ತಯಾರಿಕೆಯಲ್ಲಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಚೀನಾದ್ದು, ಪೈಪೋಟಿ ಸುಲಭವಲ್ಲ.

ಹೊರಗೆ ಗಾಳಿ ತುಸು ತಣ್ಣಗಾಗಿದೆ. 2025ರ ಜೂನಿನಲ್ಲಿ ಆರ್ಸೆಲರ್ ಮಿತ್ತಲ್ ಜರ್ಮನಿಯ ಎರಡು ಉಕ್ಕಿನ ಕಾರ್ಖಾನೆಗಳನ್ನು ಜಲಜನಕಕ್ಕೆ ಸಜ್ಜುಗೊಳಿಸುವ ಯೋಜನೆಯನ್ನು, ಸರ್ಕಾರದ ಸಹಾಯಧನ ಕೈಯಲ್ಲಿದ್ದರೂ, ಬಿಟ್ಟಿತು. ಮರುತಿಂಗಳು ಬಿಪಿ ಕಂಪನಿ ಆಸ್ಟ್ರೇಲಿಯದ ಬೃಹತ್ ಯೋಜನೆಯಿಂದ ಹೊರಬಂತು. ಕ್ಯಾಲಿಫೋರ್ನಿಯದಲ್ಲಿ ಶೆಲ್ ತನ್ನ ಜಲಜನಕದ ಕಾರು ಬಂಕುಗಳನ್ನು 2024ರಲ್ಲೇ ಮುಚ್ಚಿತ್ತು. ಜಲಜನಕ ಸೋತಿತೆಂದು ಇದರಿಂದ ತೀರ್ಮಾನಿಸುವುದು ಅವಸರ. ಎಲ್ಲೆಲ್ಲಿ ಬ್ಯಾಟರಿಯೇ ಸಲೀಸಾಗಿ ಕೆಲಸ ಮುಗಿಸುತ್ತದೋ ಅಲ್ಲೆಲ್ಲ ಅದು ಹಿಂದೆ ಬಿದ್ದಿದೆ, ಅಷ್ಟೆ.

ಕಾರ್ಕಳದಿಂದ ಬೆಳ್ಮಣ್ ಮೂಲಕ ಪಡುಬಿದ್ರಿಗೆ ಹೋಗುವ ಬಸ್ಸನ್ನೇ ತೆಗೆದುಕೊಳ್ಳಿ. ದಾರಿ ಮೂವತ್ತು ಕಿಲೋಮೀಟರ್ ಎಂದಿಟ್ಟುಕೊಂಡರೆ, ಜಲಜನಕದ ಬಸ್ಸಿಗೆ ಸುಮಾರು 2.7 ಕಿಲೋ ಬೇಕಾಗುತ್ತದೆ. ತಯಾರಿಸಿ, ಒತ್ತಿ, ಸಿಲಿಂಡರಿಗೆ ತುಂಬುವಷ್ಟರಲ್ಲಿ 160 ಯೂನಿಟ್ ಖರ್ಚು. ಬ್ಯಾಟರಿ ಬಸ್ಸು ಇದೇ ದಾರಿಯನ್ನು 40 ಯೂನಿಟ್‌ನಲ್ಲಿ ಮುಗಿಸುತ್ತದೆ. ನಾಲ್ಕು ಪಟ್ಟು ವ್ಯತ್ಯಾಸವನ್ನು ಯಾವ ಸಹಾಯಧನ ಎಷ್ಟು ದಿನ ತುಂಬೀತು? ಲೇಹ್‌ನಲ್ಲಿ ಎನ್‌ಟಿಪಿಸಿ ಜಲಜನಕದ ಬಸ್ಸು ಓಡಿಸಿದ್ದು, ಹರಿಯಾಣದ ಜೀಂದ್–ಸೋನಿಪತ್ ಮಾರ್ಗಕ್ಕೆ ರೈಲ್ವೆ ಜಲಜನಕದ ರೈಲು ಸಿದ್ಧಪಡಿಸಿದ್ದು ಕಲಿಕೆಗೆ ಬೇಕಾದ ಪ್ರಯೋಗಗಳು. ಅವುಗಳ ಚಿತ್ರ ತೋರಿಸಿ ಊರ ಬಸ್ಸಿಗೂ ಇದೇ ಬರುತ್ತದೆ ಎನ್ನುವುದು ಸರಿಯಲ್ಲ. ಅಡುಗೆ ಅನಿಲದ ಕೊಳವೆಗೆ ಜಲಜನಕ ಬೆರೆಸುವ ಯೋಚನೆಯ ಹಣೆಬರಹವೂ ಅಷ್ಟೇ. ಪರಿಮಾಣದಲ್ಲಿ ನೂರಕ್ಕೆ 20 ಬೆರೆಸಿದರೂ ಶಕ್ತಿಯ ಲೆಕ್ಕದಲ್ಲಿ ಅದು ಏಳಂಶ ಮಾತ್ರ.

ದೊಡ್ಡ ಪ್ರಶ್ನೆ ಮತ್ತೆ ಕರೆಂಟಿಗೇ ಬಂದು ನಿಲ್ಲುತ್ತದೆ. 2022ರಲ್ಲಿ ಎಕ್ಮೆ ಕಂಪನಿ ಕರ್ನಾಟಕ ಸರ್ಕಾರದೊಂದಿಗೆ 52,000 ಕೋಟಿ ರೂಪಾಯಿಯ ಒಡಂಬಡಿಕೆಗೆ ಸಹಿ ಹಾಕಿತು. ವರ್ಷಕ್ಕೆ 12 ಲಕ್ಷ ಟನ್ ಹಸಿರು ಅಮೋನಿಯದ ಮಾತು ಅದು. ಅಮೋನಿಯ ಹಡಗು ಹತ್ತಬೇಕಾದ್ದರಿಂದ ಅಂಥ ಕಾರ್ಖಾನೆಗೆ ಬಂದರಿನ ನೆರೆ ಬೇಕು. 12 ಲಕ್ಷ ಟನ್ ಅಮೋನಿಯದಲ್ಲಿ ಎರಡು ಲಕ್ಷ ಟನ್ನಿಗೂ ಮಿಕ್ಕಿ ಜಲಜನಕ ಇರುತ್ತದೆ. ಅದನ್ನು ತಯಾರಿಸಲು ವರ್ಷಕ್ಕೆ ಸುಮಾರು 1,100 ಕೋಟಿ ಯೂನಿಟ್ ಬೇಕು. ಎಲ್ಲೂರಿನ 1200 ಮೆಗಾವಾಟ್ ಸ್ಥಾವರ ವರ್ಷದ 365 ದಿನವೂ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೂ ಅಷ್ಟು ಹುಟ್ಟುವುದಿಲ್ಲ. ಸೌರ ವಿದ್ಯುತ್ತಿನಲ್ಲಿ ಹೇಳುವುದಾದರೆ, 13,000 ಎಕರೆ ಹರಡಿರುವ 2,050 ಮೆಗಾವಾಟ್‌ನ ಪಾವಗಡದಂಥ ಎರಡೂವರೆ ಪಾರ್ಕು ಈ ಒಂದು ಕಾರ್ಖಾನೆಗೇ ಬೇಕು.

ಬಿಸಿಲು ಪಾವಗಡದಲ್ಲಿ, ಗಾಳಿ ಗದಗ–ಚಿತ್ರದುರ್ಗದಲ್ಲಿ, ಬಂದರು ಮಂಗಳೂರಿನಲ್ಲಿ. ನಡುವೆ ಪಶ್ಚಿಮಘಟ್ಟ. ಕರೆಂಟು ಕರಾವಳಿಗೆ ಇಳಿಯಬೇಕಾದರೆ ಕಾಡಿನ ಮೇಲೋ ತೋಟದ ಮೇಲೋ ತಂತಿ ಹಾಯಲೇಬೇಕು. ತಂತಿ ಹಾಯುವುದೆಂದರೆ ಏನೆಂದು ಬೆಳ್ಮಣ್ಣಿನ ನೆರೆಯ ಇನ್ನಾ ಗ್ರಾಮಕ್ಕೆ ಗೊತ್ತು. ಉಡುಪಿ–ಕಾಸರಗೋಡು 400 ಕೆವಿ ಲೈನಿನ ಟವರುಗಳಿಗೆ ಅಲ್ಲಿಯೂ, ದಕ್ಷಿಣ ಕನ್ನಡದ ವಿಟ್ಲದ ಕಡೆಯೂ ಕೃಷಿಕರು ಅಡ್ಡ ನಿಂತರು. ಲೈನಿನ ಅಡಿಯಲ್ಲಿ ತೆಂಗು, ಅಡಿಕೆ ಎತ್ತರಕ್ಕೆ ಬೆಳೆಯುವಂತಿಲ್ಲ. ಒಂದೆರಡು ಎಕರೆಯ ತೋಟವಿದ್ದವರಿಗೆ ಅದು ಬದುಕಿನ ಪ್ರಶ್ನೆ. ಹಸಿರು ಜಲಜನಕದ ಯೋಜನಾ ವರದಿಗಳು ಅಂತರರಾಜ್ಯ ವಿದ್ಯುತ್ ಸಾಗಣೆಗೆ ಸಿಕ್ಕಿರುವ ಶುಲ್ಕ ವಿನಾಯಿತಿಯನ್ನು ಎಣಿಸುತ್ತವೆ. ಟವರ್ ನಿಲ್ಲುವ ತೋಟದವನಿಗೆ ಕೊಡುವ ಪರಿಹಾರವನ್ನೂ ಅಷ್ಟೇ ಮುತುವರ್ಜಿಯಿಂದ, ಮೊದಲ ಪುಟದಲ್ಲೇ ಎಣಿಸಬೇಕು. ಹಾಗಾಗದಿದ್ದರೆ ಕೊಜೆಂಟ್ರಿಕ್ಸ್ ಕಾಲದ ಜಗಳವೇ ಹೊಸ ಹೆಸರಿನಲ್ಲಿ ಮರುಕಳಿಸುತ್ತದೆ, ಈ ಬಾರಿ ಹಸಿರಿನ ವಿರುದ್ಧ.

ನೀರಿನ ಬಗ್ಗೆ ಇರುವ ಭಯಕ್ಕೆ ಇಷ್ಟು ಬುಡವಿಲ್ಲ. ಒಂದು ಕಿಲೋ ಜಲಜನಕಕ್ಕೆ ರಸಾಯನಶಾಸ್ತ್ರ ಕೇಳುವುದು ಒಂಬತ್ತು ಲೀಟರ್. ಶುದ್ಧೀಕರಣ, ತಂಪು ಎಲ್ಲ ಸೇರಿ ಇಪ್ಪತ್ತು ಎಂದಿಟ್ಟರೂ ಮೇಲೆ ಹೇಳಿದ ಕಾರ್ಖಾನೆಗೆ ದಿನಕ್ಕೆ ಸುಮಾರು ಒಂದೂಕಾಲು ಕೋಟಿ ಲೀಟರ್ ಸಾಕು. ತುಂಬೆಯಿಂದ ಮಂಗಳೂರು ನಗರಕ್ಕೆ ಹರಿಯುವ ನೀರಿನ ಹತ್ತನೆಯ ಒಂದಂಶವೂ ಅಲ್ಲ. ಆದರೆ ಮಳೆಗಾಲದಲ್ಲಿ ಕೊಚ್ಚಿಹೋಗುವಷ್ಟು ಸುರಿದು, ಏಪ್ರಿಲ್–ಮೇಯಲ್ಲಿ ಟ್ಯಾಂಕರಿಗೆ ಕಾಯುವ ಜಿಲ್ಲೆಗಳಿವು. ಆ ಎರಡು ತಿಂಗಳು ನದಿಗೆ ಕೈಹಾಕದೆ ಕಡಲ ನೀರನ್ನು ಸಿಹಿಮಾಡಿ ಬಳಸುವುದು ನ್ಯಾಯ. ಸಾವಿರ ಲೀಟರಿಗೆ ಮೂರು–ನಾಲ್ಕು ಯೂನಿಟ್ ಸಾಕು, ಜಲಜನಕದ ಖರ್ಚಿನಲ್ಲಿ ಅದು ಗಣನೆಗೇ ಬಾರದು. ಉಳಿಯುವ ಗಟ್ಟಿ ಉಪ್ಪುನೀರನ್ನು ಎಲ್ಲಿ ಬಿಡುತ್ತಾರೆ ಎಂಬುದನ್ನು ಮಾತ್ರ ಮೀನುಗಾರರು ಮೊದಲೇ ಕೇಳಿ ಇಟ್ಟುಕೊಳ್ಳಬೇಕು.

ನೀರೊಡೆಯುವ ಕರೆಂಟು ಬೇಡದ ಇನ್ನೊಂದು ದಾರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದೆ. ಪ್ರೊಫೆಸರ್ ಎಸ್. ದಾಸಪ್ಪ ಅವರ ತಂಡ ಕಟ್ಟಿಗೆಯಂಥ ಜೀವರಾಶಿಯನ್ನು ಆಮ್ಲಜನಕ ಮತ್ತು ಹಬೆಯಲ್ಲಿ ಅನಿಲವಾಗಿಸಿ ಅದರಿಂದ ಜಲಜನಕ ಬೇರ್ಪಡಿಸುತ್ತದೆ. ಒಂದು ಕಿಲೋ ಜೀವರಾಶಿಯಲ್ಲಿರುವ ಜಲಜನಕ 60 ಗ್ರಾಂ. ಹಬೆಯೂ ತನ್ನ ಪಾಲು ಸೇರಿಸುವುದರಿಂದ ಕೈಗೆ ಸಿಗುವುದು 100 ಗ್ರಾಂ. ಮರ ಬೆಳೆಯುವಾಗ ಹೀರಿದ ಇಂಗಾಲವೇ ಹೊರಬರುವುದರಿಂದ ಹೊಗೆಯ ಲೆಕ್ಕವೂ ಹಗುರ. ಅಡಿಕೆಯ ಸಿಪ್ಪೆ, ತೆಂಗಿನ ಗೆರಟೆ, ಕಾರ್ಕಳ ತಾಲೂಕಿನ ಗೇರುಬೀಜ ಕಾರ್ಖಾನೆಗಳ ಓಡು ಇವೆಲ್ಲ ಈ ಸೀಮೆಯಲ್ಲಿ ರಾಶಿಬೀಳುವ ಸರಕುಗಳು. ಗೇರುಬೀಜದ ಓಡಿನಲ್ಲಿ ಎಣ್ಣೆ ಹೆಚ್ಚು, ಅನಿಲಯಂತ್ರಕ್ಕೆ ಡಾಂಬರಿನಂತೆ ಅಂಟಬಲ್ಲದು. ಆದ್ದರಿಂದ ಇದು ನಾಳೆಯೇ ಆಗುವ ಮಾತಲ್ಲ. ಆದರೂ ದನದ ಹಟ್ಟಿಯ ಪಕ್ಕ ಗೋಬರ್ ಗ್ಯಾಸಿನ ಗುಂಡಿ ತೋಡಿ ಅಡುಗೆ ಮಾಡಿದ ಜಿಲ್ಲೆಗೆ ಈ ದಾರಿ ಹೆಚ್ಚು ಪರಿಚಿತವೆನಿಸೀತು. ಮಣಿಪಾಲ, ಸುರತ್ಕಲ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೈಗೆಟುಕುವ ದೂರದಲ್ಲೇ ಇಂಥದೊಂದು ಸವಾಲು ಕಾದಿದೆ.

ಈ ನೆಲಕ್ಕೂ ಜಲಜನಕಕ್ಕೂ ಇನ್ನೊಂದು ನಂಟಿದೆ. ಪಡುಬಿದ್ರಿ ದಾಟಿ ಸ್ವಲ್ಪ ಉತ್ತರಕ್ಕೆ ಹೋದರೆ ಅದಮಾರು. 1932ರಲ್ಲಿ ಅಲ್ಲಿ ಹುಟ್ಟಿದ ಯು. ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, 1991ರಲ್ಲಿ, ಕ್ರಯೋಜೆನಿಕ್ ತಂತ್ರಜ್ಞಾನದ ಕೆಲಸಕ್ಕೆ ಚಾಲನೆ ಕೊಟ್ಟರು. ಮೈನಸ್ 253 ಡಿಗ್ರಿಯಲ್ಲಿ ದ್ರವವಾಗುವ ಜಲಜನಕವನ್ನು ದ್ರವ ಆಮ್ಲಜನಕದಲ್ಲಿ ಉರಿಸುವ ಎಂಜಿನ್ ಅದು. ಅಮೆರಿಕದ ಒತ್ತಡಕ್ಕೆ ಮಣಿದು ರಷ್ಯಾ ತಂತ್ರಜ್ಞಾನ ಕೊಡದೆ ಹಿಂದೆ ಸರಿದಾಗ ಇಲ್ಲಿಯವರೇ ಕಲಿಯಬೇಕಾಯಿತು. ಸ್ವದೇಶಿ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಯಶಸ್ವಿಯಾದದ್ದು 2014ರ ಜನವರಿ 5ರಂದು. ಅದಕ್ಕಿಂತ ದೊಡ್ಡ ಕ್ರಯೋಜೆನಿಕ್ ಎಂಜಿನ್ 2017ರ ಜೂನಿನಲ್ಲಿ ಹಾರಿದ ಏಳು ವಾರಕ್ಕೆ ರಾವ್ ತೀರಿಕೊಂಡರು. ರಾಕೆಟ್ಟಿಗೆ ಜಲಜನಕವೇ ಬೇಕಾದದ್ದು ತೂಕದ ಕಾರಣಕ್ಕೆ. ಒಂದು ಕಿಲೋ ಡೀಸೆಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದ್ದರೆ ಒಂದು ಕಿಲೋ ಜಲಜನಕದಲ್ಲಿ 33. ಅದರ ಶಾಪವಿರುವುದು ಗಾತ್ರದಲ್ಲಿ. ದ್ರವವಾಗಿಸಿದರೂ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಹಿಡಿಯುವುದು 71 ಕಿಲೋ ಮಾತ್ರ.

ಈ ಗಾತ್ರದ ತೊಂದರೆಯೇ ಅಮೋನಿಯವನ್ನು ಮತ್ತೆ ಎದುರಿಗೆ ತರುತ್ತದೆ. ಮೈನಸ್ 33 ಡಿಗ್ರಿಗೇ ಅದು ದ್ರವ, ಹಡಗಿನಲ್ಲಿ ಸಾಗಿಸುವ ವಿದ್ಯೆ ಹಳೆಯದು, ನವಮಂಗಳೂರು ಬಂದರಿಗೂ ಹೊಸತಲ್ಲ. ಹಡಗಿನ ಎಂಜಿನ್‌ಗೇ ಅದನ್ನು ಇಂಧನವಾಗಿ ಕೊಡುವ ಪ್ರಯತ್ನಗಳೂ ನಡೆದಿವೆ. ಅದರ ಅಪಾಯವನ್ನು ಮಲ್ಪೆಯ ಮೀನುಗಾರರಿಗೆ ವಿವರಿಸಬೇಕಾಗಿಲ್ಲ, ಐಸ್ ಪ್ಲಾಂಟಿನ ಅಮೋನಿಯ ಕೊಳವೆ ಸ್ವಲ್ಪ ಸೋರಿದರೂ ಕಣ್ಣು, ಗಂಟಲು ಉರಿಯುವುದನ್ನು ಅವರು ಬಲ್ಲರು. ಕೇಂದ್ರ ಸರ್ಕಾರ ಹಸಿರು ಜಲಜನಕದ ಕೇಂದ್ರಗಳೆಂದು 2025ರಲ್ಲಿ ಗುರುತಿಸಿದ ಬಂದರುಗಳು ಮೂರು: ಕಾಂಡ್ಲಾ, ಪಾರಾದೀಪ್, ತೂತ್ತುಕುಡಿ. ಗೊಬ್ಬರದ ಕಾರ್ಖಾನೆಯೂ ರಿಫೈನರಿಯೂ ಅನಿಲದ ಕೊಳವೆಯೂ ಒಂದೇ ಕಡೆ ಇರುವ ಪಣಂಬೂರು ಆ ಪಟ್ಟಿಯಲ್ಲಿ ಇರಬೇಕಿತ್ತು.

ಕೊಚ್ಚಿಯ ಹಡಗುಕಟ್ಟೆ ಕಟ್ಟಿದ ಜಲಜನಕದ ದೋಣಿ ವಾರಾಣಸಿಯ ಗಂಗೆಗೆ ಇಳಿದಿದೆ. ಐವತ್ತು ಜನ ಕೂರುವ ದೋಣಿ, ಓಡಾಟ ನದಿಯಲ್ಲಿ. ಮಲ್ಪೆಯ ಆಳಸಮುದ್ರ ಬೋಟುಗಳ ಕಷ್ಟ ಬೇರೆಯದು. ಎರಡು ತಿಂಗಳ ರಜೆ ಮುಗಿದು ಆಗಸ್ಟಿನಲ್ಲಿ ಕಡಲಿಗೆ ಇಳಿಯುವಾಗ ಅವು ಸಾವಿರಾರು ಲೀಟರ್ ಡೀಸೆಲ್, ಟನ್‌ಗಟ್ಟಲೆ ಐಸ್ ತುಂಬಿಕೊಂಡು ಹತ್ತು ಹನ್ನೆರಡು ದಿನಕ್ಕೆ ಹೊರಡುತ್ತವೆ. ಅಷ್ಟು ದಿನದ ಬ್ಯಾಟರಿ ಹೇರಿದರೆ ಮೀನಿಗೆ ಜಾಗ ಉಳಿಯದು, ಅಷ್ಟು ದಿನದ ಜಲಜನಕಕ್ಕೆ ಟ್ಯಾಂಕು ಸಾಲದು. ಬಸ್ಸಿಗೆ ಉತ್ತರ ಸಿಕ್ಕಿರುವ ಈ ಹೊತ್ತಿನಲ್ಲೂ ಬೋಟಿನವರು ಡೀಸೆಲ್ ಬಂಕಿನ ಸಾಲಿನಲ್ಲೇ ನಿಂತಿದ್ದಾರೆ.